ಗೋಲ್ ಬಂದಾಗ ಕೂಗದವನು

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವ ಅವಳಿಗೆ ಮನೆಯವರು ಇಟ್ಟ ಅಡ್ಡಹೆಸರು ಸೀಟಿ. ಎರಡು ಬೆರಳು ಬಾಯಿಗಿಟ್ಟು ಊದಿದಳೆಂದರೆ ಬೀದಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ನಿಲ್ಲುತ್ತಿತ್ತು. ಹೆಣ್ಣುಮಗು ಹೀಗೆಲ್ಲ ಸೀಟಿ ಹೊಡೆಯಬಾರದು ಎಂದು ಗದರಬೇಕಾದ ಅಪ್ಪನೇ ಅದನ್ನು ಕಲಿಸಿದ್ದ. ಅವನಿಗೆ ಫುಟ್‌ಬಾಲ್ ಹುಚ್ಚು. ರೇಡಿಯೋದಲ್ಲಿ ಕಾಮೆಂಟರಿ ಬರುವಾಗ ಚಿಕ್ಕ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆಲದ ಮೇಲೆ ಅಂಗಿಯ ಗುಂಡಿಗಳನ್ನು ಜೋಡಿಸಿ, ಇವನು ಇಲ್ಲಿದ್ದಾನೆ, ಈಗ ಅಲ್ಲಿಗೆ ಓಡಿದ ಎಂದು ಆಟ ತೋರಿಸುತ್ತಿದ್ದ. ಗೋಲ್ ಆದರೆ ಅಪ್ಪ ಮಗಳು ಸೇರಿ ಹಾಕುವ ಕೂಗಿಗೆ ಮೇಲಿನ ಮನೆಯವರು ನೆಲ ಗುದ್ದುತ್ತಿದ್ದರು. ಅಕ್ಕ ಮಾತ್ರ ಮೂಲೆಯಲ್ಲಿ ಕೂತು ಗೊಂಬೆಯ ಕೂದಲು ಬಾಚುತ್ತಿದ್ದಳು. ಅಪ್ಪ ಹೋದ ಮೇಲೆ ಆ ಹುಚ್ಚು ಸೀಟಿಯೊಬ್ಬಳ ಪಾಲಿಗೆ ಉಳಿಯಿತು.

ಹುಚ್ಚೇನೋ ಸರಿ, ಆಟ ನೋಡುವುದೆಲ್ಲಿ? ಸ್ಟೇಡಿಯಂ ಗೇಟಿಗೆ ಬೋರ್ಡು ನೇತುಹಾಕಿದ್ದರು: ಮಹಿಳೆಯರಿಗೆ ಪ್ರವೇಶವಿಲ್ಲ. ಯಾಕೆ ಎಂದು ಕೇಳಿದರೆ, ಒಳಗೆ ಗಂಡಸರು ಕೆಟ್ಟ ಕೆಟ್ಟ ಮಾತಾಡುತ್ತಾರೆ, ಅದು ಹೆಂಗಸರ ಕಿವಿಗೆ ಬೀಳಬಾರದು ಎಂದು ಉತ್ತರ. ಅದೇ ಮಾತು ಮನೆಯಲ್ಲಿ, ಬೀದಿಯಲ್ಲಿ ಬಿದ್ದರೆ ಕಿವಿಗೆ ಏನೂ ಆಗುವುದಿಲ್ಲವೆಂದು ಕಾಣುತ್ತದೆ. ಸೀಟಿ ಕೂರುವ ಗಾಜಿನ ಗೂಡಿನ ಎದುರಿಗೇ ಡ್ರೈವರುಗಳು ದಿನಬೆಳಗಾದರೆ ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡುತ್ತಿದ್ದರು. ಅವಳ ಕಿವಿಯ ಬಗ್ಗೆ ಅಲ್ಲಿ ಯಾರಿಗೂ ಚಿಂತೆ ಇರಲಿಲ್ಲ.

ಪಂದ್ಯದ ದಿನ ಅವಳ ಕೆಲಸ ಇನ್ನೂ ಚೆಂದ. "ಪ್ರಯಾಣಿಕರ ಗಮನಕ್ಕೆ. ಸ್ಟೇಡಿಯಂಗೆ ಹೋಗುವ ವಿಶೇಷ ಬಸ್ಸುಗಳು ಎಡಗಡೆಯ ಕೊನೆಯ ಅಂಕಣದಿಂದ ಹೊರಡಲಿವೆ." ಊರಿನ ಗಂಡಸರನ್ನೆಲ್ಲ ತನ್ನ ದನಿಯಿಂದಲೇ ಬಸ್ಸು ಹತ್ತಿಸಿ ಕಳಿಸಿ, ಆಮೇಲೆ ಖಾಲಿ ನಿಲ್ದಾಣದಲ್ಲಿ ಕಿಟಕಿ ತೆರೆದು ಕೂರುತ್ತಿದ್ದಳು. ಗಾಳಿ ಈ ಕಡೆ ತಿರುಗಿದರೆ ದೂರದಿಂದ ಕೂಗು ಕೇಳಿಸುತ್ತಿತ್ತು. ಯಾರು ಹೊಡೆದರು, ಹೇಗೆ ಹೊಡೆದರು ಎಂದು ತಿಳಿಯಬೇಕಾದರೆ ಸಂಜೆ ಭಾವ ಮನೆಗೆ ಬರುವತನಕ ಕಾಯಬೇಕು. ಅಪ್ಪ ಹೋದ ಮೇಲೆ ಅವಳು ಅಕ್ಕ ಭಾವನ ಜೊತೆಯಲ್ಲೇ ಇದ್ದಳು.

ಭಾವ ಒಂದು ಪಂದ್ಯವನ್ನೂ ಬಿಡುವವನಲ್ಲ. ಆದರೆ ಆಟ ಅಂದರೇನು ಅಂತ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ.

"ಭಾವ, ಗೋಲ್ ಹೆಂಗಾಯ್ತು?"

"ಹೆಂಗಾಯ್ತು ಅಂದ್ರೆ? ಒದ್ದ, ಹೋಯ್ತು."

"ಯಾವ ಕಾಲಲ್ಲಿ ಒದ್ದ?"

"ಕಾಲಲ್ಲೇ ಒದ್ದ ಕಣಮ್ಮ. ಮತ್ತೆ ಕೈಯಲ್ಲಿ ಒದೀತಾರಾ?"

"ಎರಡನೇ ಅರ್ಧದಲ್ಲಿ ಏನಾಯ್ತು?"

ಎರಡನೇ ಅರ್ಧದಲ್ಲಿ ಭಾವ ನಿದ್ದೆ ಹೋಗಿರುತ್ತಿದ್ದ. ಅದನ್ನು ಅವನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಲೂ ಇದ್ದ. ಹೋಗುವುದಕ್ಕೆ ಅವನಿಗೆ ಹಕ್ಕಿತ್ತು, ನೋಡಲೇಬೇಕೆಂದು ಎಲ್ಲೂ ಬರೆದಿರಲಿಲ್ಲ. ಸೀಟಿಗೆ ಮೈ ಉರಿಯುತ್ತಿತ್ತು. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. ಒಂದೇ ಒಂದು ಸಲ ಆ ಗೋಡೆಯ ಒಳಗೆ ಕೂತು, ಗೋಲನ್ನು ಕಣ್ಣಾರೆ ಕಂಡು, ಗಂಟಲು ಹರಿಯುವಂತೆ ಕೂಗಬೇಕು. ಅಷ್ಟಾದರೆ ಸಾಕು, ಆಮೇಲೆ ಜೀವಮಾನವಿಡೀ ಬಸ್ಸು ಕೂಗಿಕೊಂಡಿರುತ್ತೇನೆ ಎಂದು ಅಕ್ಕನ ಹತ್ತಿರ ಹೇಳುತ್ತಿದ್ದಳು.

ಇಂಥ ಹೊತ್ತಿನಲ್ಲಿ ಸಿನಿಮಾದಮ್ಮ ಬಂದರು. ಕುತ್ತಿಗೆಗೆ ಉದ್ದ ಶಾಲು, ಕಣ್ಣಿಗೆ ದಪ್ಪ ಚೌಕಟ್ಟಿನ ಕನ್ನಡಕ, ಮಾತಿನ ತುಂಬ ಮರ್ಯಾದೆ. ಫುಟ್‌ಬಾಲ್ ಹುಚ್ಚಿನ ಹೆಂಗಸರ ಬಗ್ಗೆ ಸಿನಿಮಾ ಮಾಡುತ್ತಿದ್ದರು, ಕಟ್ಟುಕಥೆಯಲ್ಲ, ನಿಜವಾದವರದ್ದೇ. ಅಕ್ಕನನ್ನು ಹುಡುಕಿಕೊಂಡು ಮೊದಲು ನಾಟಕ ಕಂಪನಿಗೆ ಹೋಗಿದ್ದರು. ಅಕ್ಕ ಅಲ್ಲಿ ಗಡ್ಡ, ಮೀಸೆ, ತಲೆಗೂದಲಿನ ಟೋಪನ್ ಕಟ್ಟುವವಳು. ರಾಜನಿಗೂ ಭಿಕ್ಷುಕನಿಗೂ ಅವಳದೇ ಗಡ್ಡ. ಗಡ್ಡದ ಮಾತಾಡಲು ಹೋದವರಿಗೆ ಅಕ್ಕನ ಮನೆಯಲ್ಲೇ ಹುಚ್ಚಿನವಳು ಸಿಕ್ಕಿಬಿಟ್ಟಳು.

"ನಿಮ್ಮ ತಂಗೀನ ಒಳಗೆ ಕಳಿಸೋ ಜವಾಬ್ದಾರಿ ನಂದು," ಎಂದರು ಸಿನಿಮಾದಮ್ಮ. "ಪಕ್ಕದಲ್ಲೇ ನಮ್ಮ ಕ್ಯಾಮೆರಾದವನು ಇರ್ತಾನೆ, ಅಂಗಿ ಒಳಗೆ ಚಿಕ್ಕ ಕ್ಯಾಮೆರಾ. ನೀವು ಒಂದು ಗಡ್ಡ ಮಾಡಿಕೊಡಿ, ಸಾಕು."

"ಸಿಕ್ಕಿಹಾಕಿಕೊಂಡ್ರೆ?" ಅಕ್ಕ ಕೇಳಿದಳು.

"ಇಡೀ ಜಗತ್ತು ಅವರ ಬೆನ್ನಿಗೆ ನಿಲ್ಲುತ್ತೆ."

ಜಗತ್ತು ಎಲ್ಲಿ ನಿಲ್ಲುತ್ತದೆ, ಬಂದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಅಕ್ಕ ಕೇಳಬೇಕಿತ್ತು. ಕೇಳುವ ಮೊದಲೇ ಸೀಟಿ ಒಳಗೆ ಹೋಗಿ ಕತ್ತರಿ ತಂದು ಅಕ್ಕನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳು.

ಅವಳ ಜಡೆಯಿಂದಲೇ ಅವಳ ಗಡ್ಡವಾಯಿತು. ಬೇರೆಯವರ ಕೂದಲಾದರೆ ಹುಬ್ಬಿನ ಬಣ್ಣಕ್ಕೆ ಹೊಂದುವುದಿಲ್ಲ ಎಂದು ಅಕ್ಕ ಆ ಜಡೆಯನ್ನೇ ಬಿಡಿಸಿ, ತೆಳು ಬಲೆಯ ಬಟ್ಟೆಗೆ ಸಣ್ಣ ಕೊಕ್ಕೆಯಿಂದ ಎಳೆ ಎಳೆಯಾಗಿ ಗಂಟು ಹಾಕಿದಳು. ಸಿನಿಮಾದವರು ಅದನ್ನೆಲ್ಲ ಹತ್ತಿರದಿಂದ ಹಿಡಿದರು: ಕೊಕ್ಕೆ, ಗಂಟು, ಗಮ್ಮು, ತುಟಿಯ ಅಂಚಿಗೆ ಬಲೆ ಹೇಗೆ ಕೂರಬೇಕು ಎಂಬುದು. ಅಕ್ಕನಿಗೂ ಒಳಗೊಳಗೇ ಖುಷಿ. ಜೀವನವೆಲ್ಲ ಪರದೆಯ ಹಿಂದೆ ಕೆಲಸ ಮಾಡಿದವಳನ್ನು ಯಾರಾದರೂ ಹೀಗೆ ಬೆಳಕು ಹಾಕಿ ನೋಡಿದ್ದು ಅದೇ ಮೊದಲು.

ಪಂದ್ಯದ ಬೆಳಿಗ್ಗೆ ಗಡ್ಡ ಅಂಟಿಸುತ್ತಾ ಅಕ್ಕ ಹೇಳಿದಳು: "ನೋಡು, ಬಾಯಿ ಅಗಲ ಮಾಡಿದ್ಯೋ, ತುಟಿ ಮೂಲೇಲಿ ಅಂಟು ಬಿಡುತ್ತೆ. ನಗಬೇಡ. ಆಕಳಿಸಬೇಡ. ಗೋಲ್ ಬಂದ್ರೂ ತುಟಿ ಪಿಟಕ್ ಅನ್ನಬಾರದು."

"ಗೋಲ್ ಬಂದಾಗಲೂ ಸುಮ್ನಿರೋದಾ? ಮತ್ತೆ ಯಾಕೆ ಹೋಗ್ಲಿ ಅಕ್ಕಾ?"

"ನಿನ್ನ ದನಿ ಈ ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳು. ನೀನು ಕೆಮ್ಮಿದ್ರೂ ಬಸ್ ಹೊರಡ್ತು ಅಂತ ಎದ್ದು ನಿಲ್ತಾರೆ. ಈ ಸಲ ಕಣ್ತುಂಬ ನೋಡ್ಕೊಂಡು ಬಾ. ಕೂಗೋದು ಮನೇಲಿ ಕೂಗುವಿಯಂತೆ."

ಸೀಟಿ ಒಪ್ಪಿದಳು. ಅರ್ಧ ಆಸೆ ಈಡೇರಿದರೂ ಆಸೆಯೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡಳು. ಭಾವ ಆಗಲೇ ಗೆಳೆಯರ ಜೊತೆ ಹೊರಟುಹೋಗಿದ್ದ. ಅವನಿಗೆ ಹೇಳಿರಲಿಲ್ಲ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಅಕ್ಕನೇ ಬೇಡವೆಂದಿದ್ದಳು.

ಗೇಟಿನಲ್ಲಿ ದೊಡ್ಡ ಮೀಸೆಯವನೊಬ್ಬ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿ ಬಿಡುತ್ತಿದ್ದ. ಸೀಟಿಯ ಗಡ್ಡ ನೋಡಿ ಅವನ ಕಣ್ಣು ಮುಂದಿನವನ ಮೇಲೆ ಹೋಯಿತು. ಮೆಟ್ಟಿಲು ಹತ್ತಿ ತುದಿಗೆ ಬಂದಾಗ ಹಸಿರು ಮೈದಾನ ಒಮ್ಮೆಲೇ ಕಣ್ಣೆದುರು ಬಿತ್ತು. ಅಪ್ಪನ ಗುಂಡಿಗಳ ಮೈದಾನ ಇಷ್ಟು ದೊಡ್ಡದೆಂದು ಅವಳು ಎಣಿಸಿರಲಿಲ್ಲ. ಕಣ್ಣು ತುಂಬಿ ಬಂತು. ಗಡ್ಡ ಒದ್ದೆಯಾದೀತೆಂದು ಅದನ್ನೂ ತಡೆದುಕೊಂಡಳು.

ಬಿಸಿಲು ನೆತ್ತಿಗೇರಿತ್ತು. ಬೆವರು ಕೆನ್ನೆಯಿಂದಿಳಿದು ಗಡ್ಡದೊಳಗೆ ಹೋಗತೊಡಗಿತು. ಮೊದಲ ಅರ್ಧದ ಆಟ ಕಾವೇರುವಷ್ಟರಲ್ಲಿ ತುಟಿಯ ಎಡಮೂಲೆಯಲ್ಲಿ ಅಂಟು ಬಿಟ್ಟದ್ದು ಅವಳಿಗೆ ಗೊತ್ತಾಯಿತು. ಮೆಲ್ಲಗೆ ಅಂಗೈಯನ್ನು ಕೆನ್ನೆಗೆ ಒತ್ತಿ, ಮೊಣಕೈಯನ್ನು ಮಂಡಿಗೆ ಊರಿ ಕೂತಳು. ಕೈ ತೆಗೆಯುವ ಹಾಗಿಲ್ಲ. ಆಗಲೇ ಊರಿನ ತಂಡದ ಕುಳ್ಳ ಆಟಗಾರ ಬಲಗಡೆಯಿಂದ ನುಗ್ಗಿ, ಇಬ್ಬರನ್ನು ದಾಟಿ, ಎಡಗಾಲಿನಲ್ಲಿ ಚೆಂಡನ್ನು ಮೂಲೆಗೆ ಬಾರಿಸಿದ. ಬಲೆ ಅಲುಗಿತು. ಇಡೀ ಸ್ಟೇಡಿಯಂ ಎದ್ದು ನಿಂತು ಕೂಗಿತು. ಅವಳೊಬ್ಬಳು ಕೆನ್ನೆಗೆ ಕೈ ಕೊಟ್ಟು ಕೂತೇ ಇದ್ದಳು. ಒಳಗೆ ಜೀವ ಕುಣಿಯುತ್ತಿತ್ತು, ಎಡಗಾಲು, ಎಡಗಾಲು ಎಂದು ಮನಸ್ಸು ಕೂಗುತ್ತಿತ್ತು. ನೋಡಿದವರಿಗೆ ಮಾತ್ರ ಮನೆಯಲ್ಲಿ ಯಾರೋ ತೀರಿಕೊಂಡವನ ಹಾಗೆ ಕಾಣುತ್ತಿದ್ದಳು.

ಹಿಂದಿನ ಸಾಲಿನವನು ಅವಳ ಭುಜ ಹಿಡಿದು ಅಲ್ಲಾಡಿಸಿದ. "ಏನಪ್ಪಾ, ಯಾವ ಕಡೆಯವನು ನೀನು?"

ಅವಳು ಬಾಯಿ ಬಿಡಲಿಲ್ಲ.

ಸಂಜೆ ಭಾವ ಮನೆಗೆ ಬಂದಾಗ ಸಂತೋಷದಲ್ಲಿ ತೇಲುತ್ತಿದ್ದ. ಆ ದಿನ ಅವನಿಗೆ ಎರಡನೇ ಅರ್ಧದಲ್ಲೂ ನಿದ್ದೆ ಬಂದಿರಲಿಲ್ಲ. ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಗೆದ್ವಿ ಕಣೇ! ಎಲ್ಲಿ ನನ್ನ ನಾದಿನಿ? ಇವತ್ತು ಅವಳು ಕೇಳಿದ್ದಕ್ಕೆಲ್ಲ ಉತ್ತರ ಇದೆ ನನ್ನ ಹತ್ರ. ಎಡಗಾಲಲ್ಲಿ ಒದ್ದ, ನೋಡ್ಕೊಂಡು ಬಂದಿದ್ದೀನಿ." ಚಪ್ಪಲಿ ಬಿಡುತ್ತಾ ನಗತೊಡಗಿದ. "ಇನ್ನೊಂದು ತಮಾಷೆ ಕೇಳು. ಆ ಕಡೆಯವನೊಬ್ಬ ನಮ್ಮ ಸ್ಟ್ಯಾಂಡಲ್ಲಿ ಬಂದು ಸೇರ್ಕೊಂಡಿದ್ದ. ಪೀಚು ಆಸಾಮಿ, ಮುಖದ ತುಂಬ ಗಡ್ಡ. ಗೋಲ್ ಬಂತು, ಎಲ್ಲಾರೂ ಕುಣೀತಿದ್ರೆ ಇವನು ಕೆನ್ನೆಗೆ ಕೈ ಕೊಟ್ಕೊಂಡು ಕೂತವ್ನೆ! ಯಾರು ಅಂದ್ರೆ ಮಾತಿಲ್ಲ. ಸರಿಯಾಗಿ ಇಕ್ಕಿದ್ರು. ನಾನೂ ಕೆಳಗಿನ ಸಾಲಿಂದ ಓಡಿಹೋಗಿ ಒಂದು ಒದ್ದು, ಆಟ ತಪ್ಪೀತು ಅಂತ ವಾಪಸ್ ಓಡಿಬಂದೆ."

ಅಕ್ಕನ ಕೈಯಲ್ಲಿದ್ದ ಗಮ್ಮು ತೆಗೆಯುವ ಸ್ಪಿರಿಟ್ಟಿನ ಬಾಟಲಿ ನೆಲಕ್ಕೆ ಬಿತ್ತು. ತಂಗಿ ಬಂದ ಕೂಡಲೇ ಮುಖ ಒರೆಸಲೆಂದು ಹಿಡಿದು ನಿಂತಿದ್ದಳು.

"ಎಲ್ಲಿಗೆ ಒದ್ದೆ?" ಎಂದು ಕೇಳಿದಳು.

"ಅಂದ್ರೆ?"

"ಎಲ್ಲಿಗೆ ಒದ್ದೆ, ಹೇಳು."

"ಮುಖಕ್ಕೆ. ಯಾಕೆ? ಏನಾಯ್ತು ನಿಂಗೆ?"

ಆಸ್ಪತ್ರೆಯಲ್ಲಿ ತಿಳಿದದ್ದು ಇಷ್ಟು. ಗಡ್ಡ ಕಿತ್ತು ಬಂದ ಕೂಡಲೇ ಹೊಡೆತ ನಿಂತಿತ್ತು. "ಅಯ್ಯಯ್ಯೋ, ಹೆಂಗಸು!" ಎಂದು ಎಲ್ಲರೂ ಕೈ ಹಿಂದಕ್ಕೆ ಎಳೆದುಕೊಂಡರು. ಒದ್ದವನೊಬ್ಬ ತನ್ನ ಜಾಕೆಟ್ಟು ಬಿಚ್ಚಿ ಹೊದಿಸಿದ. "ದಾರಿ ಬಿಡ್ರಪ್ಪಾ, ತಾಯಿ ಸಮಾನ" ಎಂದು ಇನ್ನೊಬ್ಬ ದಾರಿ ಮಾಡಿದ. ಅಷ್ಟು ಮರ್ಯಾದಸ್ಥರು. ದವಡೆ ಮಾತ್ರ ಅಷ್ಟು ಹೊತ್ತಿಗೆ ಮುರಿದಿತ್ತು.

ಪೊಲೀಸರು ಕೇಸು ಹಾಕಿದ್ದು ಸೀಟಿಯ ಮೇಲೆ, ಗಂಡಸಿನ ವೇಷದಲ್ಲಿ ಒಳಗೆ ನುಗ್ಗಿದ್ದಕ್ಕೆ. ಹೊಡೆದವರ ಮೇಲೆ ಕೇಸಿಲ್ಲ. ಅವರು ಹೊಡೆದದ್ದು ಎದುರು ತಂಡದ ಒಬ್ಬ ಗಂಡಸನ್ನು, ಅಂಥ ಗಂಡಸು ಯಾರೂ ದೂರು ಕೊಡಲು ಬರಲಿಲ್ಲ. ಠಾಣೆಯ ಸಾಹೇಬರು ಇದನ್ನು ನಗದೆ ಹೇಳಿದರು.

ಭಾವ ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೊರಗಿ ಕೂತು ಅತ್ತ. ನಿಜವಾಗಿಯೇ ಅತ್ತ. "ಹೆಂಗಸು ಅಂತ ಗೊತ್ತಿದ್ರೆ ಹೊಡೀತಿದ್ನಾ ನಾನು? ನೀನೇ ಹೇಳು."

"ಗಂಡಸಾಗಿದ್ರೆ ಹೊಡೀಬಹುದಿತ್ತಾ?"

ಅವನು ಮೂಗು ಒರೆಸಿಕೊಂಡು, ಬಹಳ ಯೋಚನೆ ಮಾಡಿ, "ಗೋಲ್ ಬಂದಾಗ ಸುಮ್ನೆ ಕೂತಿದ್ದ ಕಣೇ" ಎಂದ. ಅಕ್ಕ ಅಲ್ಲಿಂದ ಎದ್ದುಹೋದಳು. ಆಮೇಲೆ ಮುಂದಿನ ಪಂದ್ಯಕ್ಕೂ ಅವನು ಹೋದ.

ಸಿನಿಮಾದಮ್ಮ ಹೂವು ಹಿಡಿದುಕೊಂಡು ಬಂದರು. ಕ್ಯಾಮೆರಾದವನು ಒಂದು ಕ್ಷಣವೂ ಕೈ ಅಲುಗಿಸದೆ ಎಲ್ಲವನ್ನೂ ಹಿಡಿದಿದ್ದನಂತೆ. ಅದನ್ನು ಹೇಳುವಾಗ ಅವರ ಕಣ್ಣು ಹೊಳೆಯಿತು. ಆಮೇಲೆ ಮಂಚದ ಅಂಚಿನಲ್ಲಿ ಕೂತು ಮೆತ್ತಗೆ ಕೇಳಿದರು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮೊದಲನೇ ಏಟಿಗೇ ನೀವು 'ನಾನು ಹೆಂಗಸು' ಅಂದಿದ್ರೆ ಬಿಡ್ತಿದ್ರಲ್ಲ, ಯಾಕೆ ಹೇಳ್ಲಿಲ್ಲ?"

ಸೀಟಿಯ ದವಡೆಗೆ ತಂತಿ ಕಟ್ಟಿದ್ದರು. ಅವಳು ಔಷಧಿ ಚೀಟಿಯ ಹಿಂಬದಿಗೆ ಬರೆದು ತೋರಿಸಿದಳು: ಎರಡನೇ ಅರ್ಧ ನೋಡಬೇಕಿತ್ತು.

ಸಿನಿಮಾದಮ್ಮ ಅದನ್ನು ಓದಿ, ಕಣ್ಣೊರೆಸಿಕೊಂಡು, ಆ ಚೀಟಿಯನ್ನು ಹತ್ತಿರದಿಂದ ಹಿಡಿಯುವಂತೆ ಕ್ಯಾಮೆರಾದವನಿಗೆ ಸನ್ನೆ ಮಾಡಿದರು.

ತಂತಿ ಬಿಚ್ಚಿದ ಮೇಲೆ ಡಾಕ್ಟರು ಹೇಳಿದರು, ಮೂಳೆ ಕೂಡಿದೆ, ಸೊಟ್ಟಗೆ ಕೂಡಿದೆ. ಬಾಯಿ ಇನ್ನು ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತದೆ. ಆಕಳಿಕೆ ಬಂದರೂ ಗಲ್ಲ ಹಿಡಿದುಕೊಳ್ಳಿ, ಜೋರಾಗಿ ತೆರೆದರೆ ಕೀಲು ಜಾರಿ ಅಲ್ಲೇ ನಿಂತುಬಿಡುತ್ತದೆ. ಅವಳ ಮಾತೆಲ್ಲ ಹಲ್ಲಿನ ಹಿಂದೆಯೇ ಉಳಿದು ಮುದ್ದೆಯಾಗಿ ಬರತೊಡಗಿತು. ಮೈಕು ಬೇರೊಬ್ಬಳ ಪಾಲಾಯಿತು. ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆಗೆ ಸೀಟಿಯನ್ನು ಹಾಕಿದರು. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತು, ಸ್ಟೇಡಿಯಂಗೆ ಹೋಗುವ ಬಸ್ಸುಗಳನ್ನು ಇನ್ನೊಬ್ಬಳು ಕೂಗುವುದನ್ನು ಅವಳು ಕೇಳುತ್ತಿದ್ದಳು. ಎರಡು ಬೆರಳು ಬಾಯಿಗಿಟ್ಟು ನೋಡಿದಳು. ಬರಿಯ ಗಾಳಿ ಬಂತು. ಯಾವ ನಾಯಿಯೂ ಎದ್ದು ನೋಡಲಿಲ್ಲ.

ಸಿನಿಮಾದಮ್ಮ ಮತ್ತೊಮ್ಮೆ ಹೇಳಿಕಳಿಸಿದರು. ಗೋಲ್ ಬಂದ ದೃಶ್ಯಕ್ಕೆ ಅವಳ ಮನಸ್ಸಿನೊಳಗಿನ ಕೂಗು ಬೇಕಂತೆ. ಸ್ಟುಡಿಯೋದ ಚಿಕ್ಕ ಕೋಣೆಯಲ್ಲಿ ನಿಂತು ಸೀಟಿ ಪ್ರಯತ್ನಪಟ್ಟಳು. ಬಂದದ್ದು ಕೂಗಲ್ಲ, ನರಳಿಕೆ. "ಪರವಾಗಿಲ್ಲ ಬಿಡಿ, ಬೇರೆಯವರ ಕೈಲಿ ಮಾಡಿಸ್ತೀವಿ" ಎಂದು ಅವರು ಬೆನ್ನು ಸವರಿದರು.

ಸಿನಿಮಾ ಎಲ್ಲೆಲ್ಲೋ ಹೋಗಿ ಹೆಸರು ಮಾಡಿ, ಕೊನೆಗೆ ಇದೇ ಊರಿನ ಟಾಕೀಸಿಗೂ ಬಂತು. ಅಕ್ಕ ತಂಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿದರು. ಗೋಲ್ ಬಂದಾಗ ಪರದೆಯ ತುಂಬ ಸೀಟಿಯ ಮುಖ, ಕೆನ್ನೆಗೆ ಕೈ, ಹಿಂದಿನಿಂದ ಯಾರೋ ಎಳೆಹುಡುಗಿಯ ದನಿ "ಗೋ...ಲ್" ಎಂದು ಇಂಪಾಗಿ ಎಳೆಯಿತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಗೇಟಿನ ಮೀಸೆಯವನು ತನ್ನ ಜೊತೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ. ಅವರು ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಗಂಟು ಹಾಕುವುದು, ಗಮ್ಮು ಹಚ್ಚುವುದು, ಬಾಯಿ ಅಗಲ ಮಾಡಬೇಡ ಎಂದು ಹೇಳುವುದು, ಎಲ್ಲವನ್ನೂ ಶಾಲೆಯಲ್ಲಿ ಕೂತವರ ಹಾಗೆ ಗಮನವಿಟ್ಟು ನೋಡಿದರು.

ಮುಂದಿನ ಪಂದ್ಯದಿಂದ ಗೇಟಿನಲ್ಲಿ ಹೊಸ ಪರೀಕ್ಷೆ ಶುರುವಾಯಿತು. ಪೀಚಾಗಿ ಕಂಡ ಗಡ್ಡದವರನ್ನೆಲ್ಲ ನಿಲ್ಲಿಸಿ, "ಬಾಯಿ ಪೂರ್ತಿ ತೆಗೆದು ಗೋಲ್ ಅಂತ ಕೂಗು" ಎನ್ನುತ್ತಿದ್ದರು. ಒಂದೇ ದಿನದಲ್ಲಿ ಎಷ್ಟೋ ಹುಡುಗಿಯರು ಸಿಕ್ಕಿಬಿದ್ದರಂತೆ. ಭಾವ ಮನೆಗೆ ಬಂದು ಇದನ್ನು ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಸೀಟಿ ಅಂದೇ ಅಕ್ಕನ ಮುಂದೆ ಬೆನ್ನು ತಿರುಗಿಸಿ ಕೂತಳು. ಕೂದಲು ಮತ್ತೆ ಭುಜಕ್ಕೆ ಬಂದಿತ್ತು.

"ತಲೆ ಕೆಟ್ಟಿದ್ಯಾ ನಿಂಗೆ?" ಅಕ್ಕ ಕಿರುಚಿದಳು. "ಸಾಯೋಕೆ ಹೋಗ್ತೀಯಾ?"

"ನೋಡೋಕೆ," ಎಂದಳು ಸೀಟಿ, ಹಲ್ಲಿನ ಸಂದಿಯಿಂದ.

ಅಕ್ಕ ಬೈದಳು, ಅತ್ತಳು, ಊಟ ಬಿಟ್ಟಳು. ಕೊನೆಗೆ ಕೊಕ್ಕೆ ತೆಗೆದುಕೊಂಡು ಕೂತಳು. ಈ ಸಲ ಬಲೆಯನ್ನು ತುಟಿಯ ಮೂಲೆಗಳಲ್ಲಿ ಸಡಿಲವಾಗಿ ಬಿಟ್ಟು, ನೆರಿಗೆ ಕೊಟ್ಟು ಕಟ್ಟಿದಳು. ಅಂಟಿಸಿದ ಮೇಲೆ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟು ಬೇಕಾದ್ರೂ ಕೂಗು. ಇದು ಬಿಡಲ್ಲ. ನಿನ್ನ ದನೀನೂ ಈಗ ಯಾರಿಗೂ ಗೊತ್ತಾಗಲ್ಲ" ಎಂದಳು. ಡಾಕ್ಟರು ಹೇಳಿದ್ದು ಆ ಗಳಿಗೆಯಲ್ಲಿ ಅಕ್ಕನಿಗೂ ನೆನಪಾಗಲಿಲ್ಲ, ತಂಗಿಗೂ ನೆನಪಾಗಲಿಲ್ಲ.

ಗೇಟಿನಲ್ಲಿ ಮೀಸೆಯವನು ತಡೆದ. "ಏಯ್, ಕೂಗು ನೋಡೋಣ, ಗೋಲ್ ಅಂತ."

ಸೀಟಿ ತುಟಿ ತೆರೆದು, ಅಷ್ಟೇ ತೆರೆಯುವುದೆಂದು ತೋರಿಸಿ, ಸೊಟ್ಟ ದವಡೆಯ ಮೇಲೆ ಬೆರಳಿಟ್ಟಳು. ಅವನು ಗಡ್ಡದ ಮೇಲಿನಿಂದಲೇ ದವಡೆಯನ್ನು ಹಿಡಿದು ತಡವಿದ. ಟಾಕೀಸಿನಲ್ಲಿ ಅವನು ಗಮನವಿಟ್ಟು ನೋಡಿದ್ದು ಗಂಟು, ಗಮ್ಮು; ಸೊಟ್ಟಗಾದ ಈ ಮುಖದ ಗುರುತು ಅವನಿಗೆ ಹತ್ತಲಿಲ್ಲ.

"ಅಯ್ಯೋ ಪಾಪ. ಎಲ್ಲಿ ಬಿತ್ತಪ್ಪಾ ಈ ಏಟು?"

ಅವಳು ಒಳಗಿನ ಸ್ಟ್ಯಾಂಡಿನ ಕಡೆ ಕೈ ತೋರಿಸಿದಳು.

ಅವನ ಮುಖ ಅರಳಿತು. ಆಟಕ್ಕಾಗಿ ದವಡೆ ಕೊಟ್ಟವನು ಗಂಡಸಲ್ಲದೆ ಇನ್ನೇನು? "ಭಲೇ! ಇಂಥವರು ಬೇಕು ನಮ್ಮ ಟೀಮಿಗೆ. ಹೋಗಪ್ಪಾ, ಹೋಗು" ಎಂದು ಬೆನ್ನು ತಟ್ಟಿ ಬಿಟ್ಟ.

ಅದೇ ಮೆಟ್ಟಿಲು, ಅದೇ ಹಸಿರು. ಈ ಸಲ ಗಡ್ಡ ಎಲ್ಲೂ ಬಿಡಲಿಲ್ಲ. ಕೈ ಎರಡೂ ಬಿಡುವಾಗಿದ್ದವು. ಆಟವನ್ನು ಅವಳು ಕುಡಿಯುವಂತೆ ನೋಡಿದಳು. ವಿರಾಮ ಕಳೆದು ಎರಡನೇ ಅರ್ಧ ಶುರುವಾಯಿತು; ಅದಕ್ಕಾಗಿಯೇ ಅಷ್ಟು ಒದೆ ತಿಂದವಳಿಗೆ ಮೈ ಜುಮ್ಮೆಂದಿತು. ಕುಳ್ಳನೇ ಮತ್ತೆ ಬಲಗಡೆಯಿಂದ ನುಗ್ಗಿದ. ಈಗ ಒಳಕ್ಕೆ ಕತ್ತರಿಸುತ್ತಾನೆ ಎಂದುಕೊಂಡಳು, ಕತ್ತರಿಸಿದ. ಈಗ ಎಡಗಾಲು ಎಂದುಕೊಂಡಳು. ಬಲೆ ಅಲುಗಿತು.

ಸೀಟಿ ಎಲ್ಲರಿಗಿಂತ ಮೊದಲು ಎದ್ದು ನಿಂತಳು. ಅಪ್ಪನ ರೇಡಿಯೋದ ಮುಂದೆ ತೆರೆಯುತ್ತಿದ್ದ ಹಾಗೆ ಬಾಯಿ ತೆರೆದಳು. ಕಿವಿಯ ಕೆಳಗೆ ಏನೋ ಲಟಕ್ಕೆಂದಿತು. ಕೀಲು ಜಾರಿತು. ಕೂಗು ಗಂಟಲಲ್ಲೇ ಸಿಕ್ಕಿಕೊಂಡು, ಕಣ್ಣಿಗೆ ಕತ್ತಲೆ ಬಂದು, ಎರಡೂ ಕೈಯಿಂದ ಗಲ್ಲ ಹಿಡಿದುಕೊಂಡು ಅವಳು ಕುಸಿದು ಕೂತಳು. ಸುತ್ತ ಎಲ್ಲರೂ ಕುಣಿಯುತ್ತಿದ್ದರು.

ಸ್ವಲ್ಪ ಹೊತ್ತಿಗೆ ಗದ್ದಲ ತಗ್ಗಿತು. ಪಕ್ಕದವನು ಕೂರಲು ಹೊರಟವನು ಅವಳನ್ನು ನೋಡಿದ. ಕೆನ್ನೆಗೆ ಕೈ, ಕಣ್ಣಲ್ಲಿ ನೀರು. ಅವನು ಕೂರಲಿಲ್ಲ.

"ಏನಪ್ಪಾ," ಎಂದ, "ಯಾವ ಕಡೆಯವನು ನೀನು?"

ಹಿಂದಿನ ಸಾಲಿನವರೂ ಬಗ್ಗಿ ನೋಡಿದರು. ಸೀಟಿ ಅವನ ಕಡೆ ತಿರುಗಲಿಲ್ಲ. ಚೆಂಡನ್ನು ಮೈದಾನದ ನಡುವೆ ತಂದಿಟ್ಟಿದ್ದರು. ಅವಳು ಅದನ್ನೇ ನೋಡುತ್ತಾ ಕೂತಳು. ಆಟ ಇನ್ನೂ ಬಾಕಿ ಇತ್ತು.